ಏರಿಯಾದ ಸಣ್ಣ ಹೋಟೆಲ್ ಬೆಳೆಯೋದು ಯಾಕೆ ಇಷ್ಟು ಕಷ್ಟ? ಅಗ್ಗದ ಬಿಸಿ ಇಡ್ಲಿಯ ಬಿಲ್ ಕಟ್ಟುತ್ತಿರುವವರು ಯಾರು?

ಬೆಂಗಳೂರಿನ ಯಾವುದೇ ಹಳೇ ಬಡಾವಣೆಯಲ್ಲಿ ಬೆಳಿಗ್ಗೆ ಆರೂವರೆಗೆ ಒಂದು ಸುತ್ತು ಹಾಕಿ. ಅರ್ಧ ಶಟರ್ ಎತ್ತಿದ ಹೋಟೆಲೊಂದು ಸಿಕ್ಕೇ ಸಿಗುತ್ತೆ. ಒಳಗೆ ಇಡ್ಲಿ ತಟ್ಟೆಗಳಿಂದ ಹಬೆ ಏಳ್ತಾ ಇರುತ್ತೆ, ಮೊದಲ ಡಿಕಾಕ್ಷನ್ ಇಳೀತಾ ಇರುತ್ತೆ, ಹೊರಗೆ ಪೇಪರ್ ಹಾಕೋ ಹುಡುಗ, ನೈಟ್ ಶಿಫ್ಟ್ ಮುಗಿಸಿದ ಸೆಕ್ಯುರಿಟಿ ಗಾರ್ಡ್, ವಾಕಿಂಗ್ ಮುಗಿಸಿದ ಹಿರಿಯರು ಕಾಯ್ತಾ ನಿಂತಿರುತ್ತಾರೆ. ಹನ್ನೊಂದು ಗಂಟೆಗೆ ಹೋದರೆ ‘ಇಡ್ಲಿ ಖಾಲಿ ಸಾರ್’ ಅಂತಾರೆ. ನಮಗೆ ಬೇಜಾರಾಗುತ್ತೆ. ಆದರೆ ಆ ಹೋಟೆಲ್‌ನಲ್ಲಿ ನಿನ್ನೆಯ ಹಿಟ್ಟು ಇವತ್ತಿಗೆ ಉಳಿದಿಲ್ಲ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಇಂಥ ಹೋಟೆಲ್‌ಗಳಲ್ಲಿ ರೇಟ್ ಐದು ರೂಪಾಯಿ ಏರಿದರೆ ನಾವು ಗೊಣಗುತ್ತೇವೆ. ಅದೇ ಹೋಟೆಲ್ ಒಂದು ದಿನ ಶಟರ್ ಎಳೆದು, ಆ ಜಾಗದಲ್ಲಿ ಮೊಬೈಲ್ ಶೋರೂಮ್ ಬಂದರೆ ‘ಅಯ್ಯೋ, ಎಷ್ಟು ಚೆನ್ನಾಗಿತ್ತು’ ಅಂತ ಇನ್‌ಸ್ಟಾಗ್ರಾಂನಲ್ಲಿ ಒಂದು ಸ್ಟೋರಿ ಹಾಕುತ್ತೇವೆ. ಈ ಎರಡರ ನಡುವೆ ಕೇಳಬೇಕಾದ ಪ್ರಶ್ನೆಯೊಂದಿದೆ. ಜನ ಕ್ಯೂ ನಿಂತು ತಿನ್ನುವ ಹೋಟೆಲ್‌ಗೂ ಬೆಳೆಯೋದು ಯಾಕೆ ಕಷ್ಟ? ಆ ಅಗ್ಗದ ತಿಂಡಿಯ ಪೂರ್ತಿ ಬೆಲೆಯನ್ನು ನಾವು ಕೊಡುತ್ತಿಲ್ಲ ಅಂದಮೇಲೆ, ಮತ್ಯಾರು ಕೊಡುತ್ತಿದ್ದಾರೆ?

ಬೆಂಗಳೂರಿನ ನೂರು ವರ್ಷದ ಹೋಟೆಲ್ ಚರಿತ್ರೆಯಲ್ಲಿ ಇದಕ್ಕೆ ಉತ್ತರವಿದೆ.

ತಾಜಾ ಅನ್ನೋದು ಮೊದಲು ಲೆಕ್ಕದ ವಿಷಯ

ಅಕ್ಕಿ, ಉದ್ದು ನೆನೆಯೋಕೆ ನಾಲ್ಕೈದು ಗಂಟೆ ಬೇಕು. ರುಬ್ಬಿದ ಹಿಟ್ಟು ಹುಳಿ ಬರೋಕೆ ಒಂದು ರಾತ್ರಿ. ಕಾಯಿ ಚಟ್ನಿಯ ಆಯಸ್ಸು ಕೆಲವೇ ಗಂಟೆ. ಡಿಕಾಕ್ಷನ್ ಹಳೆಯದಾದರೆ ಕಾಫಿ ಕಹಿ. ಅಂದರೆ ನಾಳೆ ಬೆಳಿಗ್ಗೆ ಎಷ್ಟು ಜನ ಬರುತ್ತಾರೆ ಅಂತ ಹೋಟೆಲಿನವರು ಇವತ್ತು ಮಧ್ಯಾಹ್ನವೇ ಅಂದಾಜು ಮಾಡಬೇಕು. ಜಾಸ್ತಿ ಮಾಡಿದರೆ ಚೆಲ್ಲಬೇಕು. ಕಮ್ಮಿ ಮಾಡಿದರೆ ಗಿರಾಕಿ ವಾಪಸ್ ಹೋಗುತ್ತಾರೆ.

ಕಾರ್ಖಾನೆಯ ಮಾಲಿಗೆ ಈ ಕಷ್ಟ ಇಲ್ಲ. ಪ್ಯಾಕೆಟ್‌ನಲ್ಲಿರುವ ಇಡ್ಲಿ ಮಿಕ್ಸ್ ತಿಂಗಳುಗಟ್ಟಲೆ ಗೋಡೌನ್‌ನಲ್ಲಿ ಕೂತಿರುತ್ತೆ. ಒಂದು ಊರಿನಲ್ಲಿ ತಯಾರಾಗಿ ಇನ್ನೊಂದು ದೇಶದಲ್ಲಿ ಮಾರಾಟ ಆಗುತ್ತೆ. ಹಾಗಾಗಿ ಬಂಡವಾಳ ಹಾಕುವವರಿಗೆ ಪ್ಯಾಕೆಟ್ ಕಂಡರೆ ಪ್ರೀತಿ, ಬಿಸಿ ತಟ್ಟೆ ಕಂಡರೆ ಅನುಮಾನ. ಬಿಸಿ ತಟ್ಟೆಯ ವ್ಯಾಪಾರಕ್ಕೆ ಪ್ರತಿ ಬ್ರಾಂಚ್‌ನಲ್ಲೂ ಒಬ್ಬ ಒಳ್ಳೇ ಅಡುಗೆ ಭಟ್ಟರು, ಸುತ್ತಮುತ್ತ ದಿನಾ ಬರುವ ಜನ, ನಸುಕಿನಲ್ಲೇ ಏಳುವ ಒಂದು ತಂಡ ಬೇಕು. ಇದನ್ನು ಕಾಪಿ-ಪೇಸ್ಟ್ ಮಾಡೋಕೆ ಆಗಲ್ಲ.

ಇದೇ ಕಾರಣಕ್ಕೆ ಗಾಂಧಿಬಜಾರಿನ ವಿದ್ಯಾರ್ಥಿ ಭವನದಂಥ ಹೋಟೆಲ್ 1943ರಿಂದ ದಶಕಗಳ ಕಾಲ ಒಂದೇ ಜಾಗದಲ್ಲಿ ನಿಂತು ಹೆಸರು ಮಾಡಿತು. ಸುತ್ತಲಿನ ವಿದ್ಯಾರ್ಥಿಗಳಿಗಾಗಿ ಶುರುವಾದ ಸಣ್ಣ ತಿಂಡಿ ಮನೆ ಅದು. ಅಲ್ಲಿ ಬೆಳೆದದ್ದು ಬ್ರಾಂಚ್‌ಗಳ ಸಂಖ್ಯೆಗಿಂತ ಬಾಗಿಲ ಹೊರಗಿನ ಕ್ಯೂ. ತಾಜಾ ಹೋಟೆಲ್ ಬೆಳೆಯುವ ಮೊದಲ ದಾರಿ ಇದು: ಇದ್ದಲ್ಲೇ ಇದ್ದು, ಅದೇ ಕಾವಲಿಯಲ್ಲಿ ಹೆಚ್ಚು ದೋಸೆ ಹುಯ್ಯೋದು. ಎರಡನೇ ದಾರಿ ನೋಡೋಕೆ ಮಾವಳ್ಳಿಗೆ ಹೋಗಬೇಕು.

ಮಾವಳ್ಳಿಯಿಂದ ನಾರ್ವೆವರೆಗೆ

ಕರಾವಳಿಯ ಕೋಟ-ಸಾಲಿಗ್ರಾಮದ ಕಡೆಯ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು ಬೆಂಗಳೂರಿನ ಅನುಕೂಲಸ್ಥರ ಮನೆಗಳಲ್ಲಿ ಅಡುಗೆ ಮಾಡುತ್ತಿದ್ದವರು. 1924ರಲ್ಲಿ ಲಾಲ್‌ಬಾಗ್ ಹತ್ತಿರ ಒಂದು ಸಣ್ಣ ಕಾಫಿ-ತಿಂಡಿಯ ಜಾಗ ತೆರೆದರು. ಆಗಿನ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. 1960ರಲ್ಲಿ ಈಗಿರುವ ಕಟ್ಟಡಕ್ಕೆ ಬಂದಾಗ ಹೆಸರು ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ನಮ್ಮ ಬಾಯಲ್ಲಿ ಎಂಟಿಆರ್.

ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಜಪಾನ್ ಬರ್ಮಾವನ್ನು ಹಿಡಿದಾಗ ಅಲ್ಲಿಂದ ಭಾರತಕ್ಕೆ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಅಕ್ಕಿ ಇಲ್ಲದೆ ಇಡ್ಲಿ ಹೇಗೆ? ರವೆ ಹಾಕಿ ಮಾಡಿ ನೋಡಿದರು. ಇವತ್ತಿನ ರವೆ ಇಡ್ಲಿ ಹುಟ್ಟಿದ್ದು ಹಾಗೆ ಅಂತ ಎಂಟಿಆರ್ ಹೇಳಿಕೊಳ್ಳುತ್ತೆ. 1951ರಲ್ಲಿ ಯಜ್ಞನಾರಾಯಣ ಮಯ್ಯರು ಯುರೋಪ್ ಸುತ್ತಿ ಬಂದರು. ಅಲ್ಲಿನ ಹೋಟೆಲ್‌ಗಳ ಶಿಸ್ತು, ಸ್ವಚ್ಛತೆ ನೋಡಿ ಬಂದವರು ತಮ್ಮ ಹೋಟೆಲ್‌ನಲ್ಲಿ ಪಾತ್ರೆ-ಲೋಟಗಳನ್ನು ಹಬೆಯಲ್ಲಿ ಶುದ್ಧ ಮಾಡೋ ಪದ್ಧತಿ ತಂದರು. ಅಡುಗೆಮನೆಯನ್ನು ಗಿರಾಕಿಗಳು ಕಣ್ಣಾರೆ ನೋಡಬಹುದಿತ್ತು. ನಮ್ಮಲ್ಲಿ ಮುಚ್ಚಿಡೋಕೆ ಏನೂ ಇಲ್ಲ ಅಂತ ಹೇಳುವ ರೀತಿ ಅದು.

ಆಮೇಲೆ ಬಂತು ತುರ್ತುಪರಿಸ್ಥಿತಿ.

1970ರ ದಶಕದ ಮೊದಲ ಭಾಗದಲ್ಲಿ ಬೆಲೆ ಏರಿಕೆ ಜನರನ್ನು ಹಿಂಡುತ್ತಿತ್ತು. 1975ರಲ್ಲಿ ತುರ್ತುಪರಿಸ್ಥಿತಿ ಹೇರಿದ ಮೇಲೆ ಹೋಟೆಲ್ ತಿಂಡಿಗಳನ್ನು ಕಡಿಮೆ ಬೆಲೆಗೆ ಮಾರಬೇಕು ಅಂತ ಸರ್ಕಾರ ಕಟ್ಟುಪಾಡು ಹಾಕಿತು. ಉದ್ದೇಶದಲ್ಲಿ ತಪ್ಪು ಹುಡುಕೋದು ಕಷ್ಟ. ದುಡಿಯುವ ಜನಕ್ಕೆ ಕೈಗೆಟುಕುವ ಊಟ ಸಿಗಬೇಕು ಅನ್ನೋದನ್ನು ಯಾರು ಬೇಡ ಅಂತಾರೆ? ಆದರೆ ಆ ಅಗ್ಗದ ದರದ ಖರ್ಚನ್ನು ಸರ್ಕಾರ ತಾನು ಹೊರಲಿಲ್ಲ. ಅದು ನೇರವಾಗಿ ಹೋಟೆಲಿನವರ ತಲೆ ಮೇಲೆ ಬಿತ್ತು. ಡಾಲ್ಡಾ ಹಾಕುವವರಿಗೂ ತುಪ್ಪ ಹಾಕುವವರಿಗೂ ಒಂದೇ ಲೆಕ್ಕ. ಗುಣಮಟ್ಟ ಇಳಿಸಿದವರು ಉಳಿದುಕೊಂಡರು. ಇಳಿಸಲು ಒಪ್ಪದವರಿಗೆ ಪ್ರತಿ ದೋಸೆಯ ಮೇಲೂ ನಷ್ಟ. ಎಂಟಿಆರ್‌ನವರು ಆ ದಿನದ ನಷ್ಟ ಎಷ್ಟು ಅಂತ ಹೊರಗೆ ಬೋರ್ಡ್ ಹಾಕುತ್ತಿದ್ದರು ಅನ್ನೋದು ಬೆಂಗಳೂರಿನ ಹಳಬರು ಈಗಲೂ ಹೇಳುವ ಮಾತು.

ಹಾಗಂತ ಹೋಟೆಲನ್ನು ಹಾಗೇ ನಡೆಸೋಕೂ ಆಗಲ್ಲ, ಕೆಲಸದವರನ್ನು ಬೀದಿಗೆ ಬಿಡೋಕೂ ಆಗಲ್ಲ. ಅವರು ಹುಡುಕಿದ ದಾರಿ ಪ್ಯಾಕೆಟ್. ಚಟ್ನಿಪುಡಿ, ರಸಂ ಪುಡಿ, ತಿಂಡಿ ಮಿಕ್ಸ್‌ಗಳನ್ನು ಮಾರೋಕೆ ಶುರು ಮಾಡಿದರು. ಬಿಸಿ ತಟ್ಟೆಯ ಮೇಲೆ ಇದ್ದ ದರ ನಿಯಂತ್ರಣದಿಂದ ತಪ್ಪಿಸಿಕೊಳ್ಳೋಕೆ ಹಿಡಿದ ಈ ದಾರಿ ಮುಂದೆ ಹೋಟೆಲಿಗಿಂತ ಎಷ್ಟೋ ದೊಡ್ಡ ಉದ್ಯಮ ಆಯಿತು. 2007ರಲ್ಲಿ ಆ ಪ್ಯಾಕೆಟ್ ಕಂಪನಿಯನ್ನು ನಾರ್ವೆಯ ಓರ್ಕ್ಲಾ ನೂರಾರು ಕೋಟಿ ರೂಪಾಯಿಗೆ ಕೊಂಡಿತು. ಹೋಟೆಲ್ ಮಾತ್ರ ಕುಟುಂಬದ ಕೈಯಲ್ಲೇ ಉಳಿಯಿತು. ನಾವು ಅಂಗಡಿಯಲ್ಲಿ ಕೊಳ್ಳುವ ಎಂಟಿಆರ್ ಪ್ಯಾಕೆಟ್‌ಗೂ ಲಾಲ್‌ಬಾಗ್ ರಸ್ತೆಯ ಎಂಟಿಆರ್ ತಟ್ಟೆಗೂ ಇವತ್ತು ಮಾಲೀಕರು ಬೇರೆ ಬೇರೆ ಅನ್ನೋದು ತುಂಬಾ ಜನಕ್ಕೆ ಗೊತ್ತೇ ಇಲ್ಲ.

ತಾಜಾ ಅಡುಗೆಯಿಂದ ಬಂದ ಹೆಸರು, ತಾಜಾ ಅಲ್ಲದ ಮಾಲಿನಿಂದ ಬಂದ ದುಡ್ಡು. ಎರಡನೇ ದಾರಿ ಅಂದರೆ ಇದು.

1983, ಜಯನಗರ: ನಿಂತು ತಿನ್ನುವ ಕ್ರಾಂತಿ

ಮೂರನೇ ದಾರಿ ಶುದ್ಧ ಬೆಂಗಳೂರಿನದು. 1983ರಲ್ಲಿ ಆರ್. ಪ್ರಭಾಕರ್ ಅವರು ಜಯನಗರದಲ್ಲಿ ಕೆಫೆ ದರ್ಶಿನಿ ತೆರೆದರು. ಕುರ್ಚಿ ಇಲ್ಲ, ಸಪ್ಲೈಯರ್ ಇಲ್ಲ. ದುಡ್ಡು ಕೊಟ್ಟು ಟೋಕನ್ ತಗೊಳ್ಳಿ, ಕೌಂಟರ್‌ನಲ್ಲಿ ತಟ್ಟೆ ತಗೊಳ್ಳಿ, ಎತ್ತರದ ಟೇಬಲ್ ಹತ್ತಿರ ನಿಂತು ತಿಂದು ಹೊರಡಿ. ಅಡುಗೆ ಕಣ್ಣೆದುರೇ ಆಗುತ್ತೆ.

ಇದರ ಹಿಂದಿನ ಲೆಕ್ಕ ಸರಳ. ಕೂತು ತಿನ್ನುವವರು ಅರ್ಧ ಗಂಟೆ ಜಾಗ ಹಿಡಿದರೆ, ನಿಂತು ತಿನ್ನುವವರು ಹತ್ತು ನಿಮಿಷದಲ್ಲಿ ಬಿಡುತ್ತಾರೆ. ಅದೇ ಜಾಗ, ಅದೇ ಬಾಡಿಗೆ, ಮೂರು ಪಟ್ಟು ಗಿರಾಕಿ. ಗಿರಾಕಿ ಹೆಚ್ಚಾದಷ್ಟೂ ಅಡುಗೆ ಬೇಗ ಖಾಲಿ. ಬೇಗ ಖಾಲಿಯಾದರೆ ಕಾವಲಿಯಿಂದ ತಟ್ಟೆಗೆ ಬರೋದು ಯಾವಾಗಲೂ ಬಿಸಿ. ಒಂದೊಂದು ತಟ್ಟೆಯ ಮೇಲೆ ಕಮ್ಮಿ ಲಾಭ ಇಟ್ಟುಕೊಂಡು, ತಟ್ಟೆಗಳ ಸಂಖ್ಯೆಯಿಂದ ಬದುಕುವ ಮಾದರಿ ಇದು. ಅಗ್ಗ ಮತ್ತು ತಾಜಾ ಒಂದಕ್ಕೊಂದು ವಿರುದ್ಧ ಅಲ್ಲ, ಒಂದು ಇನ್ನೊಂದಕ್ಕೆ ಆಸರೆ ಆಗಬಹುದು ಅಂತ ದರ್ಶಿನಿ ತೋರಿಸಿಕೊಟ್ಟಿತು.

ಇನ್ನೂ ಮುಖ್ಯವಾದ ಸಂಗತಿ, ಈ ಮಾದರಿಯನ್ನು ಯಾರೂ ಬೀಗ ಹಾಕಿ ಇಟ್ಟುಕೊಳ್ಳಲಿಲ್ಲ. ಬೇರೆಯವರೂ ದರ್ಶಿನಿ ತೆರೆಯೋಕೆ ಪ್ರಭಾಕರ್ ಅವರೇ ನೆರವಾದರು. ಕೆಲವೇ ವರ್ಷಗಳಲ್ಲಿ ಊರಿನ ಬಡಾವಣೆ ಬಡಾವಣೆಗೂ ಒಂದೊಂದು ದರ್ಶಿನಿ ಬಂತು. ಮಾಲೀಕರು ಬೇರೆ ಬೇರೆ, ಮಾದರಿ ಒಂದೇ. ಒಂದು ಕಂಪನಿ ನೂರು ಬ್ರಾಂಚ್ ತೆರೆಯೋದಕ್ಕೂ ನೂರು ಜನ ಒಂದೊಂದು ಹೋಟೆಲ್ ತೆರೆಯೋದಕ್ಕೂ ರಾಜಕೀಯವಾಗಿ ದೊಡ್ಡ ವ್ಯತ್ಯಾಸ ಇದೆ. ಮೊದಲನೆಯದರಲ್ಲಿ ಲಾಭ ಒಂದು ಕಡೆ ಸೇರುತ್ತೆ. ಎರಡನೆಯದರಲ್ಲಿ ಏರಿಯಾದಲ್ಲೇ ಹಂಚಿಹೋಗುತ್ತೆ.

ಆದರೆ ಈ ತಟ್ಟೆ ಎಲ್ಲರದ್ದೂ ಆಗಿತ್ತಾ?

ಇಲ್ಲಿಗೆ ನಿಲ್ಲಿಸಿದರೆ ಇದು ಹಳೇ ಬೆಂಗಳೂರಿನ ಹಾಡಿ ಹೊಗಳುವ ಕಥೆ ಆಗುತ್ತೆ ಅಷ್ಟೇ. ‘ಬ್ರಾಹ್ಮಿನ್ ಕಾಫಿ ಕ್ಲಬ್’ ಅನ್ನೋ ಹೆಸರು ಬರೀ ಮಾಲೀಕರ ಜಾತಿ ಹೇಳುತ್ತಿರಲಿಲ್ಲ. ಒಳಗಿನ ಅಡುಗೆ ಯಾರ ಕೈಯದ್ದು, ಅದನ್ನು ಯಾರು ಹಿಂಜರಿಕೆಯಿಲ್ಲದೆ ತಿನ್ನಬಹುದು ಅಂತಲೂ ಹೇಳುತ್ತಿತ್ತು. ಇಪ್ಪತ್ತನೇ ಶತಮಾನದ ಮೊದಲ ಭಾಗದಲ್ಲಿ ದಕ್ಷಿಣ ಭಾರತದ ಎಷ್ಟೋ ಹೋಟೆಲ್‌ಗಳಲ್ಲಿ ಜಾತಿ ನೋಡಿ ಕೂರಿಸುವ ಪದ್ಧತಿ ಇತ್ತು. ದಲಿತರಿಗೆ ಬಾಗಿಲೇ ಇರಲಿಲ್ಲ, ಇದ್ದರೂ ಬೇರೆ ಲೋಟ. ಸಂವಿಧಾನದ 15ನೇ ವಿಧಿ ಅಂಗಡಿ, ಸಾರ್ವಜನಿಕ ಹೋಟೆಲ್‌ಗಳ ಹೆಸರು ಹೇಳಿಯೇ ತಾರತಮ್ಯವನ್ನು ನಿಷೇಧಿಸುತ್ತೆ. ಹೋಟೆಲ್ ಅನ್ನೋ ಪದ ಸಂವಿಧಾನಕ್ಕೆ ಯಾಕೆ ಬಂತು ಅಂತ ಯೋಚಿಸಿದರೆ ಆ ಕಾಲ ಹೇಗಿತ್ತು ಅಂತ ಅರ್ಥ ಆಗುತ್ತೆ.

‘ಶುಚಿ-ರುಚಿ’ ಅನ್ನೋ ಬೋರ್ಡಿನಲ್ಲಿರುವ ಶುಚಿ ಎಷ್ಟರ ಮಟ್ಟಿಗೆ ಸ್ವಚ್ಛತೆ, ಎಷ್ಟರ ಮಟ್ಟಿಗೆ ಮಡಿ? ಪ್ರಶ್ನೆ ಇವತ್ತಿಗೂ ಮುಗಿದಿಲ್ಲ. ತಾಜಾ ಊಟ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರೋದು ಸಸ್ಯಾಹಾರಿ ಟಿಫಿನ್ ಮಾತ್ರ. ಆದರೆ ಅವತ್ತೇ ಕಡಿದ ಮಾಂಸ ತಂದು, ಅವತ್ತೇ ಮಸಾಲೆ ಅರೆದು, ಮಧ್ಯಾಹ್ನದ ಹೊತ್ತಿಗೆಲ್ಲ ಪಾತ್ರೆ ಖಾಲಿ ಮಾಡಿ ಬಾಗಿಲು ಹಾಕುವ ಮಿಲಿಟರಿ ಹೋಟೆಲ್‌ಗಳು ಮಾಡುತ್ತಿರೋದೂ ಅದೇ ಕೆಲಸ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ಕಡೆಯ ಖಾನಾವಳಿಗಳಲ್ಲಿ ಕಣ್ಣೆದುರೇ ಬಡಿದು ಹಂಚಿಗೆ ಹಾಕುವ ಜೋಳದ ರೊಟ್ಟಿಯೂ ಅದೇ. ಆ ರೊಟ್ಟಿ ಬಡಿಯುವ ಕೈಗಳು ಬಹುಪಾಲು ಹೆಂಗಸರದ್ದು ಅನ್ನೋದನ್ನು ಹೋಟೆಲ್ ಚರಿತ್ರೆ ಬರೆದವರು ಹೆಚ್ಚಾಗಿ ಗಮನಿಸಲೇ ಇಲ್ಲ.

ದರ್ಶಿನಿಯ ನಿಂತು ತಿನ್ನುವ ಟೇಬಲ್‌ಗೆ ಇಲ್ಲಿ ಒಂದು ಸಣ್ಣ ಮಹತ್ವ ಸಿಗುತ್ತೆ. ಅಲ್ಲಿ ಯಾರು ಎಲ್ಲಿ ಕೂರಬೇಕು ಅನ್ನೋ ಪ್ರಶ್ನೆಯೇ ಇಲ್ಲ. ಆಟೋ ಓಡಿಸುವವರು, ಲ್ಯಾಪ್‌ಟಾಪ್ ಬ್ಯಾಗ್‌ನವರು ಒಂದೇ ಟೇಬಲ್‌ಗೆ ಮೊಣಕೈ ಊರಿ ತಿನ್ನುತ್ತಾರೆ. ಇದರಿಂದ ಜಾತಿ ಹೋಯಿತು ಅಂತ ಹೇಳೋದು ಮೂರ್ಖತನ. ಆದರೆ ಜಾತಿ ಕೇಳದೆ ಪಕ್ಕದಲ್ಲಿ ನಿಲ್ಲುವ ಅಭ್ಯಾಸ ಊರಿಗೆ ಬೇಕು. ಅಂಥ ಜಾಗಗಳು ನಮ್ಮಲ್ಲಿ ಜಾಸ್ತಿಯೇನೂ ಇಲ್ಲ.

ಅಡುಗೆಮನೆಯ ಹಿಂಬಾಗಿಲು

ಅಗ್ಗದ ತಿಂಡಿಯ ಬಿಲ್ಲನ್ನು ಎಲ್ಲ ಕಾಲದಲ್ಲೂ ತಪ್ಪದೆ ಕಟ್ಟಿದವರು ಹೋಟೆಲ್ ಕಾರ್ಮಿಕರು. ಕರಾವಳಿಯ ಬಡ ಮನೆಗಳಿಂದ ಹುಡುಗರು ಬಸ್ ಹತ್ತಿ ಬೆಂಗಳೂರು, ಬೊಂಬಾಯಿಗೆ ಬಂದು ಲೋಟ ತೊಳೆದು, ಟೇಬಲ್ ಒರೆಸಿ, ಸಪ್ಲೈಯರ್ ಆಗಿ, ಕೆಲವರು ಮಾಲೀಕರೂ ಆದರು. ಮಾಲೀಕರಾದವರ ಕಥೆ ನಮಗೆ ಗೊತ್ತು. ಆಗದವರ ಕಥೆ ಯಾರೂ ಬರೆಯಲಿಲ್ಲ. 14 ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ಹೋಟೆಲ್, ಢಾಬಾಗಳಲ್ಲಿ ದುಡಿಸೋದನ್ನು ಕೇಂದ್ರ ಸರ್ಕಾರ ನಿಷೇಧಿಸಿದ್ದು 2006ರ ಅಕ್ಟೋಬರ್‌ನಲ್ಲಿ. ಅಲ್ಲಿವರೆಗೆ ‘ಏ ಹುಡುಗ, ಟೇಬಲ್ ಕ್ಲೀನ್’ ಅನ್ನೋದು ನಮ್ಮ ಕಿವಿಗೆ ಸಹಜ ಮಾತಾಗಿತ್ತು.

ಈಗ ಅಡುಗೆಮನೆಯಲ್ಲಿ ಕೇಳೋದು ಹಿಂದಿ, ಬಂಗಾಳಿ, ಒಡಿಯಾ, ಅಸ್ಸಾಮಿ, ನೇಪಾಳಿ. ಮಸಾಲೆ ದೋಸೆ ಹುಯ್ಯುತ್ತಿರುವ ಕೈ ಒಡಿಶಾದ್ದಾಗಿರಬಹುದು. ಅವರ ವಾಸ ಎಷ್ಟೋ ಕಡೆ ಹೋಟೆಲಿನ ಮೇಲಿನ ಒಂದು ಕೋಣೆ. 20ಕ್ಕಿಂತ ಕಮ್ಮಿ ಜನ ಇರುವ ಕಡೆ ಪಿಎಫ್ ಕಡ್ಡಾಯ ಅಲ್ಲ, ಏರಿಯಾದ ಸಣ್ಣ ಹೋಟೆಲ್‌ಗಳು ಹೆಚ್ಚಾಗಿ ಆ ಮಿತಿಯ ಒಳಗೇ ಬರುತ್ತವೆ. ‘ಸಣ್ಣ ಉದ್ಯಮ ಉಳಿಸಿ’ ಅನ್ನುವಾಗ ಆ ಉದ್ಯಮದ ಒಳಗಿನ ದುಡಿಮೆಯನ್ನು ಮರೆತರೆ ಆ ಘೋಷಣೆಗೆ ಅರ್ಥ ಇರಲ್ಲ.

ಈಗಿನ ಬಿಲ್: ತೆರಿಗೆ, ಗ್ಯಾಸ್, ಆಪ್

ಇವತ್ತು ಒಂದು ಸಣ್ಣ ಹೋಟೆಲ್ ತೆರೆದವರ ಲೆಕ್ಕದ ಪುಸ್ತಕ ನೋಡೋಣ.

ಮೊದಲು ಜಿಎಸ್‌ಟಿ. ವರ್ಷಕ್ಕೆ 20 ಲಕ್ಷ ರೂಪಾಯಿ ವಹಿವಾಟು ದಾಟಿದರೆ ಹೋಟೆಲ್ ನೋಂದಣಿ ಮಾಡಿಸಬೇಕು. 20 ಲಕ್ಷ ಅಂದರೆ ದೊಡ್ಡ ಮೊತ್ತ ಅನಿಸುತ್ತೆ. 365ರಿಂದ ಭಾಗಿಸಿ. ದಿನಕ್ಕೆ ಸುಮಾರು 5,500 ರೂಪಾಯಿ. ತಲಾ 50 ರೂಪಾಯಿ ತಿನ್ನುವ 110 ಜನ ಬಂದರೆ ಸಾಕು, ಮಿತಿ ದಾಟಿತು. ಇದು ಲಾಭ ಅಲ್ಲ, ಬರೀ ವಹಿವಾಟು. ಇದರಲ್ಲೇ ಅಕ್ಕಿ, ಉದ್ದು, ಕಾಯಿ, ಹಾಲು, ಗ್ಯಾಸ್, ಬಾಡಿಗೆ, ಸಂಬಳ ಎಲ್ಲ ಹೋಗಬೇಕು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಬೆಂಗಳೂರಿನ ಟೀ ಅಂಗಡಿ, ಬೇಕರಿಗಳು ಬೆಚ್ಚಿಬಿದ್ದು ಕ್ಯೂಆರ್ ಕೋಡ್ ಕಿತ್ತು ‘ಕ್ಯಾಶ್ ಮಾತ್ರ’ ಅಂತ ಬರೆದದ್ದು ಇದಕ್ಕೇ.

ಎರಡನೇದು ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್. ಅಂದರೆ ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಮಾರುವಾಗ ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಎಸಿ ಇಲ್ಲದ ಹೋಟೆಲ್‌ಗಳಿಗೆ 12%, ಎಸಿ ಇರುವವಕ್ಕೆ 18% ತೆರಿಗೆ ಇತ್ತು, ಈ ಸೌಲಭ್ಯವೂ ಇತ್ತು. ಅದರ ಲಾಭ ಗಿರಾಕಿಗೆ ದಾಟುತ್ತಿಲ್ಲ ಅನ್ನೋ ದೂರು ಬಂತು. ಹಾಗಾಗಿ ಅದೇ ವರ್ಷದ ನವೆಂಬರ್‌ನಲ್ಲಿ ತೆರಿಗೆಯನ್ನು 5%ಗೆ ಇಳಿಸಿ, ಸೌಲಭ್ಯವನ್ನು ಕಿತ್ತುಹಾಕಿದರು. ಬಿಲ್‌ನಲ್ಲಿ ನಮಗೆ ತೆರಿಗೆ ಕಮ್ಮಿ ಕಂಡಿತು. ಆದರೆ ಹೋಟೆಲಿನವರು 19 ಕೆ.ಜಿ. ವಾಣಿಜ್ಯ ಸಿಲಿಂಡರ್ ಮೇಲೆ ಕಟ್ಟುವ 18%, ಆಪ್ ಕಮಿಷನ್ ಮೇಲಿನ 18% ವಾಪಸ್ ಬರಲ್ಲ. ಅದು ಖರ್ಚಾಗಿ ಇಡ್ಲಿಯೊಳಗೆ ಸೇರಿಕೊಳ್ಳುತ್ತೆ. ಪ್ಯಾಕೆಟ್ ತಿಂಡಿ ತಯಾರಿಸುವ ಕಾರ್ಖಾನೆಗೆ ಈ ಸೌಲಭ್ಯ ಈಗಲೂ ಇದೆ. ತೆರಿಗೆ ಕಾನೂನು ಬೇಕಂತಲೇ ಮಾಡಿತೋ ಇಲ್ಲವೋ, ತಕ್ಕಡಿಯಂತೂ ಪ್ಯಾಕೆಟ್ ಕಡೆಗೇ ವಾಲಿದೆ.

ಮೂರನೇದು ಆಪ್. ಒಂದು ಉದಾಹರಣೆ ತಗೊಳ್ಳಿ. 100 ರೂಪಾಯಿ ದೋಸೆ, ಕಮಿಷನ್ 25% ಅಂತಿಟ್ಟುಕೊಳ್ಳೋಣ. 25 ರೂಪಾಯಿ ಹೋಯಿತು. ಅದರ ಮೇಲೆ 18% ಜಿಎಸ್‌ಟಿ, 4.50 ರೂಪಾಯಿ. ಹೋಟೆಲಿಗೆ ಉಳಿದದ್ದು 70.50. ಡಿಸ್ಕೌಂಟ್‌ನಲ್ಲಿ ಪಾಲು, ಲಿಸ್ಟ್‌ನಲ್ಲಿ ಮೇಲೆ ಕಾಣೋಕೆ ಕೊಡುವ ಜಾಹೀರಾತು ದುಡ್ಡು, ಡಬ್ಬದ ಖರ್ಚು ಬೇರೆ. ದರ್ಶಿನಿ ಮಾದರಿ ನಿಂತಿರೋದೇ ತಟ್ಟೆಗೆ ಕಮ್ಮಿ ಲಾಭದ ಮೇಲೆ. ಆ ಲಾಭದಲ್ಲಿ 29.50 ರೂಪಾಯಿ ಬಿಟ್ಟುಕೊಡುವ ಶಕ್ತಿಯೇ ಇಲ್ಲ. ಹಾಗಾಗಿ ಒಂದೋ ಆಪ್‌ನಲ್ಲಿ ರೇಟ್ ಏರಿಸಬೇಕು, ಇಲ್ಲವೇ ದೋಸೆಯನ್ನು ಚಿಕ್ಕದು ಮಾಡಬೇಕು. ಅಷ್ಟೆಲ್ಲ ಮಾಡಿದ ಮೇಲೂ ಅರ್ಧ ಗಂಟೆ ಡಬ್ಬದಲ್ಲಿ ಬೆವೆತ ದೋಸೆ ಮೆತ್ತಗಾಗಿ ಬಂದು, ‘ಕ್ವಾಲಿಟಿ ಇಲ್ಲ’ ಅಂತ ಒಂದು ಸ್ಟಾರ್ ಬೀಳೋದು ಹೋಟೆಲಿಗೆ.

ಜೊಮ್ಯಾಟೊ, ಸ್ವಿಗ್ಗಿ ವಿರುದ್ಧ ರೆಸ್ಟೋರೆಂಟ್ ಮಾಲೀಕರ ಸಂಘ ಕೊಟ್ಟ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2022ರ ಏಪ್ರಿಲ್‌ನಲ್ಲಿ ತನಿಖೆಗೆ ಆದೇಶ ಮಾಡಿತು. ತಂದುಕೊಡುವ ಹುಡುಗರ ವಿಷಯದಲ್ಲಿ ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಕಾನೂನು ತಂದು, ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಕೊಡುವ ಮೊತ್ತದ 1%ರಿಂದ 5%ವರೆಗೆ ಕಲ್ಯಾಣ ಶುಲ್ಕಕ್ಕೆ ದಾರಿ ಮಾಡಿತು. ಅದು ಒಳ್ಳೆಯ ಹೆಜ್ಜೆ. ಹೋಟೆಲ್ ಮತ್ತು ಆಪ್ ನಡುವಿನ ಲೆಕ್ಕ ಮಾತ್ರ ಇನ್ನೂ ಕತ್ತಲಲ್ಲೇ ಇದೆ.

ಹಾಗಾದರೆ ಏನು ಮಾಡಬಹುದು?

ಅಗ್ಗದ ಊಟ ಬೇಕೇ ಬೇಕು. ಅದರ ಖರ್ಚು ಯಾರದ್ದು ಅನ್ನೋದರಲ್ಲೇ ರಾಜಕೀಯ ಇರೋದು. 1975ರಲ್ಲಿ ಅದನ್ನು ಹೋಟೆಲ್ ಮಾಲೀಕರ ಮೇಲೆ ಹೊರಿಸಿದರು, ಒಳ್ಳೇ ಹೋಟೆಲ್‌ಗಳು ಮುದುಡಿದವು. 2017ರ ಆಗಸ್ಟ್‌ನಲ್ಲಿ ಶುರುವಾದ ಇಂದಿರಾ ಕ್ಯಾಂಟೀನ್‌ನಲ್ಲಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಕೊಟ್ಟಾಗ ಖರ್ಚನ್ನು ಸರ್ಕಾರದ ಬಜೆಟ್ ಹೊತ್ತಿತು. ಅನುದಾನ ಸರಿಯಾಗಿ ಬಂದಾಗ ನಡೆಯಿತು, ಬರದಾಗ ಕುಂಟಿತು. ಆದರೂ ತತ್ವ ಸರಿ ಇತ್ತು: ಹಸಿದವರ ಊಟದ ಹೊಣೆ ಸಮಾಜದ್ದು, ಒಬ್ಬ ಹೋಟೆಲಿನವರದ್ದಲ್ಲ. ಆಪ್‌ಗಳ ಕಾಲದಲ್ಲಿ ‘50% ಆಫ್’ ಬಿಲ್ಲಿನ ದೊಡ್ಡ ಪಾಲನ್ನು ಹೋಟೆಲ್, ಡೆಲಿವರಿ ಹುಡುಗ, ಅಡುಗೆಮನೆಯ ಕಾರ್ಮಿಕ ಹಂಚಿಕೊಂಡು ಕಟ್ಟುತ್ತಿದ್ದಾರೆ.

ಕೇಳಬಹುದಾದ ಬೇಡಿಕೆಗಳು ದೊಡ್ಡವೇನಲ್ಲ. ಸಣ್ಣ ಹೋಟೆಲ್‌ಗಳಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಬೇಕೋ ಬೇಡವೋ ಅನ್ನೋ ಆಯ್ಕೆ ಕೊಡಿ. 20 ಲಕ್ಷದ ಮಿತಿಯನ್ನು ಇವತ್ತಿನ ಬೆಲೆಗಳಿಗೆ ತಕ್ಕಂತೆ ಏರಿಸಿ. ಪ್ರತಿ ಆರ್ಡರ್‌ನಲ್ಲಿ ಹೋಟೆಲಿಗೆ ಎಷ್ಟು, ಆಪ್‌ಗೆ ಎಷ್ಟು, ತಂದವರಿಗೆ ಎಷ್ಟು ಅಂತ ಗಿರಾಕಿಯ ಬಿಲ್‌ನಲ್ಲೇ ಮುದ್ರಿಸೋದನ್ನು ಕಡ್ಡಾಯ ಮಾಡಿ. ಪಾಲಿಕೆಯ ಮಾರುಕಟ್ಟೆ, ಕಾಂಪ್ಲೆಕ್ಸ್‌ಗಳಲ್ಲಿ ಸಣ್ಣ ಹೋಟೆಲ್‌ಗಳಿಗೆ ನ್ಯಾಯವಾದ ಬಾಡಿಗೆಯ ಮಳಿಗೆ ಮೀಸಲಿಡಿ. ಇದಕ್ಕೆಲ್ಲ ಒಂದೇ ಷರತ್ತು ಇರಲಿ: ಸೌಲಭ್ಯ ಪಡೆಯುವ ಹೋಟೆಲ್ ತನ್ನ ಕೆಲಸದವರಿಗೆ ಕನಿಷ್ಠ ವೇತನ, ವಾರದ ರಜೆ, ಮಲಗೋಕೆ ಮನುಷ್ಯರಿರುವಂಥ ಜಾಗ ಕೊಡಬೇಕು.

ನಾವು ಮಾಡಬಹುದಾದದ್ದೂ ಸ್ವಲ್ಪ ಇದೆ. ಐದು ನಿಮಿಷ ನಡೆದರೆ ಸಿಗುವ ಹೋಟೆಲಿನಿಂದ ಆಪ್‌ನಲ್ಲಿ ತರಿಸೋದು ಬಿಟ್ಟು ನಡೆದುಕೊಂಡೇ ಹೋಗಬಹುದು. ಕಾಯಿ, ಕಾಫಿಪುಡಿ ಎರಡರ ಬೆಲೆಯೂ 2025ರಲ್ಲಿ ಏರಿದ ಮೇಲೆ ಕಾಫಿಗೆ ಎರಡು ರೂಪಾಯಿ ಜಾಸ್ತಿ ಯಾಕೆ ಅಂತ ಗಲ್ಲಾಪೆಟ್ಟಿಗೆ ಮುಂದೆ ಜಗಳ ಆಡೋದನ್ನು ಬಿಡಬಹುದು. ದೋಸೆ ಹುಯ್ದವರ ಊರು ಯಾವುದು ಅಂತ ಒಮ್ಮೆ ಕೇಳಬಹುದು. ಮುಂದಿನ ಸಲ ವಾರ್ಡ್ ಸಭೆಯಲ್ಲಿ ಬೀದಿದೀಪ, ಕಸದ ಜೊತೆಗೆ ಈ ಮಳಿಗೆ, ಬಾಡಿಗೆಯ ಮಾತನ್ನೂ ಎತ್ತಬಹುದು. ಹನ್ನೊಂದು ಗಂಟೆಗೆ ‘ಇಡ್ಲಿ ಖಾಲಿ’ ಅಂದರೆ ಬೇಜಾರು ಮಾಡಿಕೊಳ್ಳದೆ, ನಾಳೆ ಸ್ವಲ್ಪ ಬೇಗ ಎದ್ದು ಹೋಗಬಹುದು.